ಕರಡಿಯ ಹೊಟ್ಟೆಯೊಳಗಿನ ಅಜ್ಜಿ

ನಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಹಿತ್ತಾಳೆ ಪಾತ್ರೆಗಳಿಗೂ ಅಪ್ಪನ ಮುರಿದ ಹಾರ್ಮೋನಿಯಂ ಪೆಟ್ಟಿಗೆಗೂ ನಡುವೆ, ಒಂದು ಕರಡಿ ಬಹಳ ವರ್ಷಗಳಿಂದ ಮಲಗಿತ್ತು. ಹೋದ ವರ್ಷ ಬೇಸಿಗೆ ರಜೆಯಲ್ಲಿ ಅಟ್ಟ ಗುಡಿಸಲು ಹತ್ತಿದ ನನ್ನ ಮಗ ಅದನ್ನು ಕಿವಿ ಹಿಡಿದು ಕೆಳಗಿಳಿಸಿ, "ಅಮ್ಮಾ, ಇದನ್ನ ಒಗೀಲೇನು?" ಅಂದ. ನಾನು ಒಲೆಯ ಮುಂದಿನಿಂದಲೇ, "ಒಗದೀಯ ಮತ್ತೆ! ಅದರಾಗ ನಿಮ್ಮ ಮುತ್ತಜ್ಜಿ ಅದಾಳ" ಎಂದು ಕೂಗಿದೆ. ಅವನು ಗಾಬರಿಯಾಗಿ ಕರಡಿಯನ್ನು ಮೆಲ್ಲಗೆ ಕುರ್ಚಿಯ ಮೇಲೆ ಕೂಡಿಸಿದ.

ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಕೈಯಿಂದ ಬುಗುರಿ, ಗೋಲಿ, ಗೊಂಬೆ ಕಿತ್ತುಕೊಂಡು ಮೇಜಿನ ಖಾನೆಗೆ ಹಾಕಿದವಳು ನಾನು. ಅಂಥವಳು ಈಗ ಗೊಂಬೆಯೊಂದರ ವಿಮರ್ಶೆಗೆ ಕೂತಿದ್ದೇನೆ ಎಂದರೆ ನಮ್ಮ ಸ್ಟಾಫ್ ರೂಮಿನವರು ನಗದೆ ಇರಲಾರರು. ನಗಲಿ. ಪುಸ್ತಕವನ್ನು, ನಾಟಕವನ್ನು, ಸಿನಿಮಾವನ್ನು ಒರೆಗೆ ಹಚ್ಚುವ ನಾವು, ನಮ್ಮ ಮಕ್ಕಳ ಪಕ್ಕದಲ್ಲೇ ಮಲಗಿ ಕಥೆ ಹೇಳುವ ಗೊಂಬೆಯನ್ನು ಮಾತ್ರ ಯಾಕೆ ಸುಮ್ಮನೆ ಬಿಡಬೇಕು? ಅದರ ಮಾತು ಎಂಥದು, ಅದು ಕೆಟ್ಟಾಗ ರಿಪೇರಿ ಮಾಡುವುದೆಂದರೆ ಏನನ್ನು ರಿಪೇರಿ ಮಾಡಿದ ಹಾಗೆ, ಯಾವುದನ್ನು ರಿಪೇರಿ ಮಾಡಬಾರದು, ಇಷ್ಟನ್ನು ಕೇಳಿಕೊಳ್ಳುವ ಪ್ರಸಂಗ ನನಗೆ ಬಂತು. ಅದಕ್ಕೆ ಒಂದಿಷ್ಟು ದಂಡವನ್ನೂ ತೆತ್ತೆ. ಆ ಕಥೆ ಇದು.

1988ರಲ್ಲಿ ಅವ್ವನ ತಮ್ಮ ಅಮೆರಿಕದಿಂದ ರಜೆಗೆ ಬಂದಾಗ ನನ್ನ ಕೊನೆಯ ತಮ್ಮನಿಗೆಂದು ಈ ಕರಡಿಯನ್ನು ತಂದಿದ್ದರು. ಟೆಡ್ಡಿ ರಕ್ಸ್‌ಪಿನ್ ಅಂತ ಅದರ ಹೆಸರು. 1985ರಲ್ಲಿ ಅಲ್ಲಿನ ವರ್ಲ್ಡ್ಸ್ ಆಫ್ ವಂಡರ್ ಎಂಬ ಕಂಪನಿ ಅದನ್ನು ಮಾರುಕಟ್ಟೆಗೆ ತಂದಾಗ ಆ ದೇಶದ ಮಕ್ಕಳೆಲ್ಲ ಅದಕ್ಕಾಗಿ ಹಟ ಹಿಡಿದಿದ್ದರಂತೆ. ಅದರ ಬೆನ್ನಿನಲ್ಲಿ ಒಂದು ಸಣ್ಣ ಟೇಪ್ ರೆಕಾರ್ಡರು ಕೂತಿದೆ. ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದರೆ ಕರಡಿ ಕಣ್ಣು ಪಿಳುಕಿಸಿ, ಮೇಲಿನ ದವಡೆ ಕೆಳಗಿನ ದವಡೆ ಎರಡನ್ನೂ ಆಡಿಸಿ ಕಥೆ ಹೇಳುತ್ತದೆ. ಇದರ ಗುಟ್ಟು ಬಹಳ ಜಾಣತನದ್ದು. ಸ್ಟೀರಿಯೋ ಕ್ಯಾಸೆಟ್ಟಿನಲ್ಲಿ ದನಿಗೆ ಎರಡು ದಾರಿ ಇರುತ್ತವಲ್ಲ, ಅದರಲ್ಲಿ ಒಂದು ದಾರಿಯಲ್ಲಿ ಮಾತು, ಇನ್ನೊಂದರಲ್ಲಿ ನಮಗೆ ಕೇಳಿಸದ ಹಾಗೆ ಮೋಟಾರುಗಳಿಗೆ ಅಪ್ಪಣೆ. ಈಗ ಬಾಯಿ ತೆಗೆ, ಈಗ ಮುಚ್ಚು, ಈಗ ಕಣ್ಣು ಮಿಟುಕಿಸು ಎಂದು ಆ ಎರಡನೆಯ ದಾರಿ ಹೇಳುತ್ತಾ ಹೋಗುತ್ತದೆ. ಮೂರು ಪುಟ್ಟ ಮೋಟಾರುಗಳು ಅದರಂತೆ ನಡೆಯುತ್ತವೆ.

ನಮ್ಮೂರಿನವರಿಗೆ ಇದು ಹೊಸದೇನಲ್ಲ ಎಂದು ಆಗ ಅಪ್ಪ ನಕ್ಕಿದ್ದರು. ಮರಿಯಮ್ಮನಹಳ್ಳಿ ನಾಟಕದ ಊರು. ಕೆ. ನಾಗರತ್ನಮ್ಮನವರಂಥ ರಂಗಕಲಾವಿದೆಯರು ಬೆಳೆದ ಊರು. ಅಪ್ಪ ನಾಟಕಗಳಿಗೆ ಪೇಟಿ ಬಾರಿಸುತ್ತಿದ್ದರು, ಊರಿನವರ ಕೆಟ್ಟ ಪೇಟಿಗಳನ್ನು ರಿಪೇರಿ ಮಾಡಿಕೊಡುತ್ತಿದ್ದರು. ಮಾತು ಮರೆತ ದುರ್ಯೋಧನನಿಗೆ ಸೈಡ್‌ವಿಂಗಿನಲ್ಲಿ ನಿಂತವರು ಮಾತು ಹೇಳಿಕೊಡುವುದನ್ನು ಜೀವನವಿಡೀ ನೋಡಿದವರು. "ಕರಡಿಗೂ ಒಬ್ಬ ಪ್ರಾಂಪ್ಟರ್ ಅದಾನ, ನೋಡ್ರಿ. ಆದರ ಇವನು ಎಂದೂ ತಪ್ಪಂಗಿಲ್ಲ, ಅದಕ್ಕ ಮಜಾ ಇಲ್ಲ" ಎಂಬುದು ಕರಡಿಯ ಬಗ್ಗೆ ಅವರು ಮಾಡಿದ ವಿಮರ್ಶೆ. ನನ್ನದು ಆಮೇಲಿನದು.

ಕರಡಿ ಹೇಳುತ್ತಿದ್ದುದು ಅಮೆರಿಕದ ಇಂಗ್ಲಿಷಿನಲ್ಲಿ. ನನಗೆ ಆಗ ಹದಿನೆಂಟು, ಬಿ.ಎ. ಮೊದಲ ವರ್ಷ. ನನಗೇ ಅದು ಹತ್ತರಲ್ಲಿ ಎರಡು ಮಾತು ತಿಳಿದರೆ ಹೆಚ್ಚು. ಏಳು ವರ್ಷದ ತಮ್ಮನಿಗೆ ಒಂದೂ ತಿಳಿಯುತ್ತಿರಲಿಲ್ಲ. ಆದರೂ ಒಂದು ತಿಂಗಳು ಓಣಿಯ ಮಕ್ಕಳೆಲ್ಲ ನಮ್ಮ ಪಡಸಾಲೆಯಲ್ಲಿ ಕೂತು ಅದರ ಬಾಯನ್ನೇ ನೋಡಿದರು. ಎರಡನೆಯ ತಿಂಗಳು ಯಾರೂ ಬರಲಿಲ್ಲ. ತಮ್ಮನನ್ನು ಯಾಕೋ ಎಂದು ಕೇಳಿದೆ. "ಅದು ನಾ ಹೂಂ ಅನ್ನೂತನಕ ನಿಂದ್ರೋದೇ ಇಲ್ಲಕ್ಕಾ" ಅಂದ.

ಈ ಮಾತನ್ನು ನಾನು ಆಗ ಮಕ್ಕಳ ಮಾತೆಂದು ಬಿಟ್ಟೆ. ಈಗ ನೋಡಿದರೆ, ಕಥೆ ಹೇಳುವ ಯಾವ ಯಂತ್ರಕ್ಕೂ ಇದಕ್ಕಿಂತ ದೊಡ್ಡ ಒರೆಗಲ್ಲು ಇಲ್ಲ. ನಮ್ಮಲ್ಲಿ ಕಥೆಯನ್ನು ಒಬ್ಬರೇ ಹೇಳುವುದಿಲ್ಲ. ಹೇಳುವವರು ಒಬ್ಬರು, ಹೂಂಗುಟ್ಟುವವರು ಒಬ್ಬರು. ಹೂಂ ತಡವಾದರೆ ಅಜ್ಜಿ ನಿಲ್ಲಿಸಿ, "ನಿದ್ದಿ ಬಂತೇನು?" ಅನ್ನುತ್ತಿದ್ದಳು. ಹೂಂ ಚುರುಕಾದರೆ ರಾಕ್ಷಸನನ್ನು ಇನ್ನೆರಡು ಮಾರು ಎತ್ತರ ಮಾಡುತ್ತಿದ್ದಳು. ಕಥೆಯ ಅರ್ಧ ಬೆಲೆ ಕೇಳುವವರ ಕೈಯಲ್ಲಿತ್ತು. ಆ ಕರಡಿಯೋ, ಮಗು ಮಲಗಿದರೂ ಹೇಳುತ್ತಿತ್ತು, ಮಗು ಎದ್ದು ಉಚ್ಚೆಗೆ ಹೋದರೂ ಹೇಳುತ್ತಿತ್ತು, ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಕಣ್ಣು ಪಿಳುಕಿಸಿ ಹೇಳುತ್ತಲೇ ಇತ್ತು.

1990ರಲ್ಲಿ ಅಜ್ಜಿ ಕಂಪ್ಲಿಯಲ್ಲಿದ್ದ ಚಿಕ್ಕಮ್ಮನ ಬಾಣಂತನಕ್ಕೆಂದು ಮೂರು ತಿಂಗಳು ಹೊರಟಳು. ತಮ್ಮ ಒಂಬತ್ತು ವರ್ಷದವನಾಗಿದ್ದರೂ ಅಜ್ಜಿಯ ಕಥೆ ಇಲ್ಲದೆ ಮಲಗುತ್ತಿರಲಿಲ್ಲ. ಅವಳು ಹೊರಡುವ ಹಿಂದಿನ ರಾತ್ರಿ ನಾನು ಪಕ್ಕದ ಮನೆಯವರ ಟೂ-ಇನ್-ಒನ್ ಇಸಕೊಂಡು ಬಂದು, ಒಂದು ಖಾಲಿ ಕ್ಯಾಸೆಟ್ಟಿನಲ್ಲಿ ಅವಳ ಮಾತನ್ನು ಹಿಡಿದೆ. ಅವಳು ರಾಜ ರಾಣಿಯ ಕಥೆ ಹೇಳಲಿಲ್ಲ. ನಾರಾಯಣದೇವರಕೆರೆಯ ಕಥೆ ಹೇಳಿದಳು. ಅದು ಅವಳು ಹುಟ್ಟಿದ ಊರು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ನೀರು ನಿಂತಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಅಲ್ಲಿನ ಜನ ಗಂಟುಮೂಟೆ ಕಟ್ಟಿಕೊಂಡು, ದೇವರನ್ನೂ ಕರಕೊಂಡು ಈ ಕಡೆ ಬಂದರು. ಮನೆಯಿಂದ ಹೊರಟು ಬಾವಿಗೆ ಹೋಗಿ ನೀರು ತುಂಬಿಕೊಂಡು ಬರುವ ಒಂದು ಹುಡುಗಿಯ ಕಥೆ ಅಜ್ಜಿಯದು. ದಾರಿಯಲ್ಲಿ ಯಾರ ಮನೆ, ಯಾರ ಕಟ್ಟೆ, ಎಲ್ಲಿ ನಾಯಿ, ಎಲ್ಲಿ ಬೇವಿನಮರ, ಎಲ್ಲವನ್ನೂ ಒಂದೊಂದಾಗಿ ಹೇಳುತ್ತಾಳೆ. ಒಂದೊಂದು ಮನೆಗೂ ತಮ್ಮ ಹೂಂ ಅನ್ನುತ್ತಾನೆ. ಆ ಹೂಂ ಕೂಡ ಟೇಪಿನಲ್ಲಿ ಬಂದಿದೆ.

ಈ ಕ್ಯಾಸೆಟ್ಟನ್ನು ತಮ್ಮ ಕರಡಿಯ ಬೆನ್ನಿಗೆ ಹಾಕಿದ. ಅಜ್ಜಿಯ ದನಿ ಬಂತು. ಆದರೆ ಕರಡಿಯ ಬಾಯಿ ಆಡಲಿಲ್ಲ, ಕಣ್ಣೂ ಮಿಟುಕಲಿಲ್ಲ. ಆ ಕರಡಿ ತನ್ನ ಕಂಪನಿಯ ಕ್ಯಾಸೆಟ್ಟನ್ನು ಗುರುತು ಹಿಡಿಯುತ್ತದೆ. ಬೇರೆಯದು ಹಾಕಿದರೆ ಸಾಮಾನ್ಯ ಟೇಪ್ ರೆಕಾರ್ಡರಿನಂತೆ ದನಿ ಮಾತ್ರ ಕೊಟ್ಟು ಮೋಟಾರುಗಳನ್ನು ಸುಮ್ಮನಿರಿಸುತ್ತದೆ. ನನಗೆ ಪೆಚ್ಚೆನಿಸಿತು. ತಮ್ಮ ಮಾತ್ರ ಹಿಗ್ಗಿದ. "ಅಕ್ಕಾ, ಕರಡಿ ಈಗ ಕಥಿ ಕೇಳಾಕತ್ತೈತಿ. ಅದಕ್ಕ ಬಾಯಿ ಮುಚ್ಚೈತಿ" ಅಂದ. ಆ ಮೂರು ತಿಂಗಳು ಇಬ್ಬರೂ, ಅಂದರೆ ಅವನೂ ಕರಡಿಯೂ, ದಿನಾ ರಾತ್ರಿ ಅಜ್ಜಿಯ ಬಾವಿಗೆ ಹೋಗಿ ಬಂದರು.

ಅಜ್ಜಿ 1996ರಲ್ಲಿ ಹೋದಳು. ಕರಡಿ ಅಟ್ಟಕ್ಕೆ ಹೋಯಿತು. ತವರಿನ ಸಾಮಾನು ಹಂಚುವಾಗ ಅದು ಎರಡು ಓಣಿ ದಾಟಿ ನನ್ನ ಅಟ್ಟಕ್ಕೆ ಬಂತು. ಕ್ಯಾಸೆಟ್ಟು ಅದರ ಬೆನ್ನಿನಲ್ಲೇ ಉಳಿದಿತ್ತು.

ಈಗ ರಿಪೇರಿಯ ವಿಚಾರಕ್ಕೆ ಬರುತ್ತೇನೆ. ಹೊಸಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದೆವು; ಇದಕ್ಕೆ ಸಾಮಾನು ಸಿಗುವುದಿಲ್ಲ ಎಂದು ಕೈಯಾಡಿಸಿದರು. ಅವರದೇನೂ ತಪ್ಪಿಲ್ಲ. ಆ ಕಂಪನಿ 1987ರ ಕೊನೆಗೇ ದಿವಾಳಿಯ ಅರ್ಜಿ ಹಾಕಿಕೊಂಡಿತ್ತು, ಅಂದರೆ ನಮ್ಮ ಕರಡಿ ನಮ್ಮೂರಿಗೆ ಬರುವ ಮೊದಲೇ! ಹಾಗಾಗಿ ಮನೆಯಲ್ಲೇ ಕೂತೆವು. ನಾನು ಬ್ಲೇಡಿನಿಂದ ಬೆನ್ನಿನ ಹೊಲಿಗೆ ಬಿಚ್ಚಿದೆ. ಒಳಗೆ ನೋಡಿದರೆ ನಮ್ಮದೇ ಪಾಪದ ಫಲ. ಸೆಲ್ಲು ತೆಗೆಯದೆ ಅಟ್ಟಕ್ಕೆ ಹಾಕಿದ್ದೆವು. ಅವು ಸೋರಿ ತಗಡಿನ ಪಟ್ಟಿಗಳಿಗೆಲ್ಲ ಹಸಿರು ಕಿಲುಬು ಹಿಡಿದಿತ್ತು. ಟೇಪು ಓಡಿಸುವ ರಬ್ಬರಿನ ಬೆಲ್ಟು ನಮ್ಮ ಬಿಸಿಲಿಗೆ ಕರಗಿ ಡಾಂಬರಿನ ಹಾಗೆ ಚಕ್ರಕ್ಕೆ ಮೆತ್ತಿಕೊಂಡಿತ್ತು.

ನೀವೂ ಮನೆಯಲ್ಲಿ ಇಂಥದ್ದನ್ನು ಇಟ್ಟುಕೊಂಡಿದ್ದರೆ ಹೇಳುತ್ತೇನೆ, ಇದು ಹಿತ್ತಾಳೆ ಪಾತ್ರೆ ಬೆಳಗುವವರಿಗೆ ಬಾರದ ವಿದ್ಯೆಯೇನಲ್ಲ. ಕಿಲುಬಿಗೆ ನಿಂಬೆರಸ, ಆದರೆ ಸುರಿಯುವಂತಿಲ್ಲ, ಕಡ್ಡಿಗೆ ಹತ್ತಿ ಸುತ್ತಿ ಮುಟ್ಟಿಸಬೇಕು, ಕೂಡಲೇ ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಬೇಕು. ಮೆತ್ತಿಕೊಂಡ ಬೆಲ್ಟನ್ನು ಅದೇ ಸ್ಪಿರಿಟ್ಟಿನಿಂದ ನೆನೆಸಿ ನೆನೆಸಿ ತೆಗೆಯಬೇಕು. ಹೊಸ ಬೆಲ್ಟಿಗೆ ಹಳೆಯದರ ಸುತ್ತಳತೆ ಬೇಕು. ಅದು ಕರಗಿಹೋಗಿದ್ದರಿಂದ ನಾನು ಚಕ್ರಗಳ ಸುತ್ತ ಹೊಲಿಗೆ ದಾರ ಸುತ್ತಿ ಅಳತೆ ತೆಗೆದು, ಅದಕ್ಕಿಂತ ತುಸು ಚಿಕ್ಕದನ್ನು ಮಗನಿಂದ ತರಿಸಿದೆ. ಟೇಪು ಉಜ್ಜಿಕೊಂಡು ಹೋಗುವ ಹೆಡ್ಡನ್ನೂ, ಅದನ್ನು ಎಳೆಯುವ ರಬ್ಬರಿನ ಗಾಲಿಯನ್ನೂ ಒರೆಸಿದೆ. ದವಡೆಯ ಹಲ್ಲುಗಾಲಿಯೊಂದು ಸೀಳಿತ್ತು, ಅದನ್ನು ಹಾಗೇ ಬಿಟ್ಟೆ. ಅಜ್ಜಿಗೆ ದವಡೆ ಬೇಕಿರಲಿಲ್ಲವಲ್ಲ.

ಮಗ ಒಂದೇ ಒಂದು ಮಾತು ಹೇಳಿದ್ದ: "ಅಮ್ಮಾ, ಮುತ್ತಜ್ಜಿ ಕ್ಯಾಸೆಟ್ಟನ್ನ ಮೊದಲು ಇದಕ್ಕ ಹಾಕಬೇಡ. ಬ್ಯಾರೆ ಚಲೋ ಟೇಪ್ ರೆಕಾರ್ಡರಿನ್ಯಾಗ ಹಾಕಿ ಕಂಪ್ಯೂಟರಿಗೆ ಇಳಿಸಿಕೊಂಡು ಆಮೇಲೆ ನೋಡೋಣ." ಮಕ್ಕಳಿಗೆ ಮೂವತ್ತು ವರ್ಷ, ಹೇಳಿದ ಮಾತು ಕೇಳಿ ಎಂದು ಪಾಠ ಮಾಡಿದ ನಾನು ಅದನ್ನು ಕೇಳಲಿಲ್ಲ. ಅವನು ಸಂತೆಗೆ ಹೋದಾಗ, ಹೊಸ ಸೆಲ್ಲು ಹಾಕಿ, ಅಜ್ಜಿಯ ಕ್ಯಾಸೆಟ್ಟನ್ನೇ ತೂರಿಸಿ, ಗುಂಡಿ ಒತ್ತಿಬಿಟ್ಟೆ.

ಬಂತು. ಇಪ್ಪತ್ತೊಂಬತ್ತು ವರ್ಷಗಳ ಮೇಲೆ ಅಜ್ಜಿಯ ದನಿ. ಮೊದಲು ಒಂದು ಕೆಮ್ಮು, ಆಮೇಲೆ "ಕೇಳಾಕತ್ತೀಯೇನೋ?" ಎಂಬ ಪ್ರಶ್ನೆ, ಆಮೇಲೆ ತಮ್ಮನ ಎಳೆಯ ಹೂಂ. ನಾನು ನೆಲದ ಮೇಲೆ ಕೂತೆ. ಹುಡುಗಿ ಕೊಡ ತಗೊಂಡು ಹೊರಟಳು, ಕಟ್ಟೆ ದಾಟಿದಳು, ಬೇವಿನಮರ ದಾಟಿದಳು, ಬಾವಿಯ ಹತ್ತಿರ ಬಂದಳು. ಅಷ್ಟರಲ್ಲಿ ದನಿ ಎಳೆದಂತಾಗಿ, ಗಡಸಾಗಿ, ನಿಂತಿತು. ತೆಗೆದು ನೋಡಿದರೆ ರಬ್ಬರಿನ ಗಾಲಿ ಟೇಪನ್ನು ನುಂಗಿತ್ತು. ಬಿಡಿಸುವ ಗಡಿಬಿಡಿಯಲ್ಲಿ ಅದು ಹರಿಯಿತು. ಸುಮಾರು ಒಂದು ಗೇಣು ಉದ್ದ ಸುರುಟಿ, ಎಳೆದು, ಕೆಲಸಕ್ಕೆ ಬಾರದಂತಾಗಿತ್ತು. ಅದನ್ನು ಕತ್ತರಿಸಿ ಉಳಿದೆರಡು ತುದಿಗಳನ್ನು ಅಂಟುಪಟ್ಟಿಯಿಂದ ಜೋಡಿಸಬೇಕಾಯಿತು. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಒಂದು ಗೇಣೆಂದರೆ ನಾಲ್ಕೂವರೆ ಸೆಕೆಂಡು. ಬಾವಿಯ ಪಕ್ಕದಲ್ಲಿ ಏನಿತ್ತು ಎಂದು ಅಜ್ಜಿ ಹೇಳುವ ನಾಲ್ಕೂವರೆ ಸೆಕೆಂಡು. ಮುಳುಗಿದ ಊರಿನಲ್ಲಿ ಇನ್ನೊಂದು ಗೇಣನ್ನು ನಾನೇ ಮುಳುಗಿಸಿದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾತಾಡುವ ಗೊಂಬೆಗಳ ಬಗ್ಗೆ ಓದಲು ಶುರುಮಾಡಿದ್ದು ಆಗ.

ನಮ್ಮ ಕನ್ನಡನಾಡಿನ ಅತಿ ಹೆಸರಾದ ದನಿಯ ಗೊಂಬೆ ಈಗ ನಮ್ಮಲ್ಲಿಲ್ಲ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಟಿಪ್ಪುವಿನ ಹುಲಿ. 1793ರ ಸುಮಾರಿಗೆ ಟಿಪ್ಪು ಸುಲ್ತಾನನಿಗಾಗಿ ಮಾಡಿದ ಬಣ್ಣದ ಮರದ ಹುಲಿ ಅದು. ಬಿಳಿಯ ಸಿಪಾಯಿಯೊಬ್ಬನ ಮೇಲೆ ಎರಗಿ ನಿಂತಿದೆ. ಪಕ್ಕದ ಹಿಡಿಕೆ ತಿರುಗಿಸಿದರೆ ಸಿಪಾಯಿಯ ಒಂದು ಕೈ ಮೇಲೆ ಕೆಳಗೆ ಆಡುತ್ತದೆ, ಅವನ ಬಾಯಿಂದ ನರಳಾಟವೂ ಹುಲಿಯಿಂದ ಗುರುಗುಟ್ಟುವಿಕೆಯೂ ಬರುತ್ತವೆ. ಹುಲಿಯ ಪಕ್ಕೆಯ ಬಾಗಿಲು ತೆರೆದರೆ ಒಳಗೆ ಹದಿನೆಂಟು ಮನೆಗಳ ಒಂದು ವಾದ್ಯವೇ ಇದೆ. ಈ ದನಿಗಳೆಲ್ಲ ಹುಟ್ಟುವುದು ತಿದಿ ಊದುವ ಗಾಳಿಯಿಂದ, ಕೊಳವೆಗಳಿಂದ. ಮಗನ ಫೋನಿನಲ್ಲಿ ಅದರ ದನಿ ಕೇಳಿದಾಗ, ತಿದಿ ತೂತಾದ ಪೇಟಿಯನ್ನು ಅಪ್ಪ ತೊಡೆಯ ಮೇಲಿಟ್ಟುಕೊಂಡು ಪರೀಕ್ಷಿಸುವಾಗ ಬರುತ್ತಿದ್ದ ಕ್ಷೀಣವಾದ ಊಂ ನೆನಪಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈ ಹುಲಿಯನ್ನು ಇಂಗ್ಲಿಷರು ಒಯ್ದರು. 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಜನರಿಗೆ ತೋರಿಸಲು ಇಟ್ಟರು. ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಅಲ್ಲಿ ಓದಲು ಕೂತವರ ತಲೆ ಚಿಟ್ಟು ಹಿಡಿಸಿದರಂತೆ. ಕೊನೆಗೆ ಹಿಡಿಕೆಯೇ ಕಾಣೆಯಾದಾಗ ಓದುವವರಿಗೆ ಸಂತೋಷವಾಯಿತಂತೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ಸೂರು ಕುಸಿದು ಹುಲಿ ನೂರಾರು ಚೂರಾಯಿತು. ಯುದ್ಧ ಮುಗಿದ ಮೇಲೆ ಕೂತು ಚೂರು ಚೂರು ಜೋಡಿಸಿದರು. ಮರವೇನೋ ಕೂಡಿಕೊಂಡಿತು. ಆದರೆ ಒಳಗಿನ ದನಿಯ ಯಂತ್ರವನ್ನು ಈ ಇನ್ನೂರು ವರ್ಷಗಳಲ್ಲಿ ಬೇರೆ ಬೇರೆ ಕೈಗಳು ರಿಪೇರಿ ಮಾಡಿವೆ, ಬದಲಿಸಿವೆ. ಶ್ರೀರಂಗಪಟ್ಟಣದಲ್ಲಿ ಅದು ಹೇಗೆ ನುಡಿಯುತ್ತಿತ್ತೋ ಹಾಗೆಯೇ ಇಂದೂ ನುಡಿಯುತ್ತದೆಂದು ಹೇಳುವಂತಿಲ್ಲ. ರಿಪೇರಿಗೂ ಒಂದು ಹಸಿವಿದೆ. ದನಿ ಬರಿಸಬೇಕೆಂಬ ಆತುರದಲ್ಲಿ ಅದು ದನಿಯನ್ನೇ ತಿಂದುಬಿಡಬಹುದು. ನನ್ನ ನಾಲ್ಕೂವರೆ ಸೆಕೆಂಡು ಹಾಗೆಯೇ ಹೋಯಿತು.

ಇನ್ನೊಂದು ಗೊಂಬೆ ಎಡಿಸನ್ನನದು. ಗ್ರಾಮಫೋನಿನ ತಾಯಿಯಾದ ಫೋನೋಗ್ರಾಫನ್ನು 1877ರಲ್ಲಿ ಕಂಡುಹಿಡಿದ ಆ ಎಡಿಸನ್ನನೇ 1890ರಲ್ಲಿ ಅದನ್ನು ಚಿಕ್ಕದು ಮಾಡಿ, 22 ಅಂಗುಲದ ಹುಡುಗಿಗೊಂಬೆಯ ಎದೆಯೊಳಗೆ ಇರಿಸಿದ. ಬೆನ್ನಿನ ಹಿಡಿಕೆ ತಿರುಗಿಸಿದರೆ ಗೊಂಬೆ ಶಿಶುಗೀತೆ ಹೇಳುತ್ತಿತ್ತು. ವ್ಯಾಪಾರ ಕೆಲವೇ ವಾರ ನಡೆಯಿತು. ಯಂತ್ರ ಬೇಗ ಕೆಡುತ್ತಿತ್ತು, ಮೇಣದ ಉರುಳೆ ಸವೆಯುತ್ತಿತ್ತು, ದನಿಯೋ ಮಕ್ಕಳು ಹೆದರುವಂತಿತ್ತು. ಕೊಂಡವರು ವಾಪಸು ತಂದುಕೊಟ್ಟರು. ಪುಸ್ತಕಗಳಲ್ಲಿ ಇದನ್ನು ಎಡಿಸನ್ನನ ಒಂದು ಸೋಲು ಎಂದು ಬರೆದು ಮುಗಿಸುತ್ತಾರೆ. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಆ ಕಾಲಕ್ಕೆ ಒಂದು ಉರುಳೆಯಿಂದ ಇನ್ನೊಂದಕ್ಕೆ ನಕಲು ತೆಗೆಯುವ ದಾರಿ ಇರಲಿಲ್ಲ. ಹಾಗಾಗಿ ಕಾರ್ಖಾನೆಯಲ್ಲಿ ಹೆಂಗಸರು ಕೂತು, ಒಂದೊಂದು ಗೊಂಬೆಗೂ ಬೇರೆ ಬೇರೆಯಾಗಿ, ಅದೇ ಶಿಶುಗೀತೆಯನ್ನು ಕೊಳವೆಯೊಳಕ್ಕೆ ಕೂಗಿ ಕೂಗಿ ಹೇಳಬೇಕಿತ್ತು. ಗೊಂಬೆಗೆ ಎಡಿಸನ್ನನ ಹೆಸರು. ದನಿ ಕೊಟ್ಟವರಿಗೆ ದಿನಗೂಲಿ ಬಿಟ್ಟರೆ ಹೆಸರೇ ಇಲ್ಲ. ದಿನಕ್ಕೆ ಆರು ಪಿರಿಯಡ್ಡು ಒಂದೇ ಪಾಠವನ್ನು ಎ ಸೆಕ್ಷನ್ನಿಗೂ ಬಿ ಸೆಕ್ಷನ್ನಿಗೂ ಕೂಗಿದ ನನ್ನ ಗಂಟಲಿಗೆ ಅವರು ಗುರುತಾದರು.

ಆ ಉರುಳೆಗಳಲ್ಲಿ ಉಳಿದವನ್ನು ಮುಳ್ಳು ಹಾಕಿ ನುಡಿಸಿದರೆ ಪೂರ್ತಿ ಹಾಳಾಗುತ್ತಿದ್ದವು. ಆದ್ದರಿಂದ ಇಟ್ಟುಕೊಂಡವರು ಎಷ್ಟೋ ವರ್ಷ ನುಡಿಸದೆ ಕಾದರು. ಅಮೆರಿಕದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯದಲ್ಲಿ ರೂಪುಗೊಂಡ ಒಂದು ವಿಧಾನದಿಂದ, ಉರುಳೆಯನ್ನು ಮುಟ್ಟದೆಯೇ ಅದರ ಗೀರುಗಳ ಚಿತ್ರವನ್ನು ಬೆಳಕಿನಿಂದ ತೆಗೆದು, ಆ ಚಿತ್ರದಿಂದ ದನಿಯನ್ನು ಬಿಡಿಸಿದರು. 2015ರಲ್ಲಿ ಹೆಸರಿಲ್ಲದ ಆ ಹೆಂಗಸರ ದನಿ ಲೋಕಕ್ಕೆ ಮತ್ತೆ ಕೇಳಿಸಿತು. ಹುಲಿಯನ್ನು ರಿಪೇರಿ ಮಾಡಿದವರ ಆತುರ ಒಂದು ಕಡೆ, ಈ ಗೊಂಬೆಯನ್ನು ಮುಟ್ಟದೆ ಕಾದವರ ತಾಳ್ಮೆ ಒಂದು ಕಡೆ. ಎರಡರಲ್ಲಿ ಯಾವುದು ದೊಡ್ಡ ಕುಶಲತೆ ಎಂದು ನಾನು ಹೇಳಬೇಕಾಗಿಲ್ಲ. ಮಗ ಹೇಳಿದ್ದೂ ಅದನ್ನೇ.

ತಮ್ಮ ದಸರೆಯ ರಜೆಗೆ ಬೆಂಗಳೂರಿನಿಂದ ಹೆಂಡತಿ ಮಗಳ ಜೊತೆ ಬಂದ. ಅವನಿಗೆ ಈಗ ನಲವತ್ತು ದಾಟಿದೆ. ನಾನು ತಪ್ಪೊಪ್ಪಿಕೊಂಡೆ. ಅವನು ಒಂದು ನಿಮಿಷ ಸುಮ್ಮನಿದ್ದು, "ಹೋಗಲಿ ಬಿಡಕ್ಕಾ, ಅದನ್ನ ತುಂಬಿಸಬಹುದು" ಅಂದ. ಆ ಹೊತ್ತಿಗೆ ಮಗ ಉಳಿದ ಟೇಪನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ್ದ. ಈಗಿನ ಕಂಪ್ಯೂಟರಿಗೆ ಒಬ್ಬರ ದನಿಯನ್ನು ಸ್ವಲ್ಪ ಕೇಳಿಸಿದರೆ ಸಾಕು, ಅವರು ಎಂದೂ ಆಡದ ಮಾತನ್ನೂ ಅವರದೇ ದನಿಯಲ್ಲಿ ಆಡಿ ತೋರಿಸುತ್ತದಂತೆ. ಅಜ್ಜಿಯ ನಾಲ್ಕೂವರೆ ಸೆಕೆಂಡು ಅದಕ್ಕೆ ಯಾವ ಲೆಕ್ಕ! ಬೇಕಾದರೆ ಕರಡಿಯ ಒಳಗಿನದನ್ನೆಲ್ಲ ಕಿತ್ತು ಹೊಸ ಯಂತ್ರ ಕೂಡಿಸಿ, ಅಜ್ಜಿಯ ದನಿಗೆ ತಕ್ಕಂತೆ ಬಾಯಿಯನ್ನೂ ಆಡಿಸಬಹುದು. ಮಗಳು ಕೇಳಿದ ಪ್ರಶ್ನೆಗೆ ಅಜ್ಜಿ ಉತ್ತರ ಕೊಡುವ ಹಾಗೂ ಮಾಡಬಹುದು, ಇಂಗ್ಲಿಷಿನಲ್ಲೂ. ತಮ್ಮನ ಕಣ್ಣಲ್ಲಿ ಒಂಬತ್ತು ವರ್ಷದ ಹುಡುಗನ ಹಿಗ್ಗು ಕಂಡಿತು. ಅವನ ಆಸೆ ಕೆಟ್ಟದ್ದೆಂದು ನಾನು ಹೇಳಲಾರೆ. ಅವನಿಗೆ ಬೇಕಾದದ್ದು ಅಜ್ಜಿಯನ್ನು ಮಗಳಿಗೆ ಕೊಡುವುದು.

ಆದರೂ ನಾನು ಬೇಡ ಅಂದೆ. ಇಬ್ಬರಿಗೂ ಅರ್ಧ ದಿನ ವಾದ ನಡೆಯಿತು, ಊಟದ ಮುಂದೆಯೂ ನಡೆಯಿತು. "ನೀನು ಹರಿದದ್ದನ್ನ ನಾ ಹೊಲೀತೀನಿ ಅಂದ್ರ ಬ್ಯಾಡ ಅಂತೀಯಲ್ಲ" ಎಂದು ಅವನು ಚುಚ್ಚಿದ. ಚುಚ್ಚಿದ್ದು ಸರಿಯಾಗಿಯೇ ಇತ್ತು. ಆಗ ನನಗೆ ತೋಚಿದ ಉತ್ತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮ ಸೀಮೆಯ ತೊಗಲುಗೊಂಬೆಯಾಟವನ್ನು ನೀವು ನೋಡಿರಬಹುದು. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಬಂತಲ್ಲ, ಆ ಕಲೆ. 2023ರಲ್ಲಿ ತೀರಿಕೊಂಡ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮ ರಾವಣರ ಜೊತೆಗೆ ಗಾಂಧೀಜಿಯನ್ನೂ ಅದೇ ಪರದೆಯ ಮೇಲೆ ತಂದಿದ್ದರು. ಆ ತೊಗಲಿನ ಸೀತೆಗೆ ತುಟಿ ಆಡುವುದಿಲ್ಲ. ಹೆಚ್ಚೆಂದರೆ ಕೈ ಆಡುತ್ತದೆ. ಆದರೂ ಮಾತಾಡಿದವಳು ಸೀತೆಯೇ ಎಂಬ ಬಗ್ಗೆ ನೋಡುವವರಲ್ಲಿ ಒಬ್ಬರಿಗೂ ಅನುಮಾನವಿಲ್ಲ. ಯಾಕೆಂದರೆ ಪರದೆಯ ಹಿಂದೆ ಒಬ್ಬರು ಉಸಿರು ಬಿಟ್ಟು ಆ ಮಾತನ್ನು ಆಗಲೇ ಆಡುತ್ತಿರುತ್ತಾರೆ, ಪರದೆಯ ಮುಂದಿನವರು ನಕ್ಕರೆ ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಗೊಂಬೆಗೆ ಜೀವ ಬರುವುದು ಅದರ ದವಡೆಯಿಂದಲ್ಲ, ನಿಲ್ಲುವ ಆ ಒಂದು ಕ್ಷಣದಿಂದ.

ಅಜ್ಜಿಯ ಟೇಪಿನಲ್ಲಿ ಆ ಕ್ಷಣಗಳಿವೆ. ಅವಳು ಹೂಂಗಾಗಿ ನಿಂತಿದ್ದಾಳೆ, ತಮ್ಮ ಹೂಂ ಅಂದಿದ್ದಾನೆ. ಅದು 1990ರ ಒಂದು ರಾತ್ರಿ ಇಬ್ಬರ ನಡುವೆ ನಿಜವಾಗಿ ನಡೆದದ್ದು. ಅವಳು ಹೇಳಿದಷ್ಟನ್ನು ಕರಡಿ ಹೇಳಲಿ, ಅದು ಅವಳ ಮಾತು. ಅವಳು ಹೇಳದ್ದನ್ನು ಅವಳ ದನಿಯಲ್ಲಿ ಹೇಳಿಸಿದರೆ ಅದು ಯಾರ ಮಾತು? ಎಡಿಸನ್ನನ ಹೆಂಗಸರಿಗೆ ಹೆಸರು ಸಿಗಲಿಲ್ಲ, ಆದರೆ ಅವರು ಆಡದ ಮಾತನ್ನು ಯಾರೂ ಅವರ ಬಾಯಿಗೆ ತುರುಕಲಿಲ್ಲ. ಊರನ್ನು ಬಿಟ್ಟುಬಂದ ನಮ್ಮ ಅಜ್ಜಿಗೆ ಉಳಿದದ್ದು ಆ ಊರಿನ ನೆನಪು, ಅದನ್ನು ಹೇಳುವ ಅವಳ ದನಿ. ಊರನ್ನು ಕೊಡುವಾಗ ಅವಳ ಮಾತನ್ನು ಯಾರೂ ಕೇಳಲಿಲ್ಲ. ದನಿಯ ವಿಚಾರದಲ್ಲೂ ಕೇಳದೆ ಇರುವುದು ಬೇಡ ಅಂದೆ. ತಮ್ಮ ಎದ್ದು ಕೈತೊಳೆಯಲು ಹೋದ. ಒಪ್ಪಿದನೋ ಇಲ್ಲವೋ ಆಗ ನನಗೆ ತಿಳಿಯಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಕರಡಿಗೂ ನ್ಯಾಯ ಮಾಡಬೇಕು. ಅದರ ಸ್ವಂತ ಕಥೆಗಳ ಮಟ್ಟಿಗೆ ಅದು ಕೆಟ್ಟ ಕಥೆಗಾರ, ಕಿವುಡ ಕಥೆಗಾರ. ಆದರೆ ಬೇರೆಯವರ ಕಥೆಗೆ ಬಾಯಿ ಮುಚ್ಚಿ ಬೆನ್ನು ಕೊಡುವ ಒಂದು ಗುಣ ಅದನ್ನು ಮಾಡಿದವರು ಅದರಲ್ಲಿ ಬಿಟ್ಟಿದ್ದರು. ಕಂಪನಿಯ ಕ್ಯಾಸೆಟ್ಟು ಬಿಟ್ಟು ಬೇರೆ ಯಾವುದೂ ಓಡದ ಹಾಗೆ ಬೀಗ ಹಾಕಬಹುದಿತ್ತು, ಹಾಕಲಿಲ್ಲ. ಆ ಒಂದು ಕಿಂಡಿಯಿಂದ ನಮ್ಮ ಅಜ್ಜಿ ಒಳಗೆ ಹೋದಳು. ಈಗ ಅಂಗಡಿಗಳಲ್ಲಿ ಬರುವ ಮಾತಿನ ಗೊಂಬೆಗಳನ್ನು ಕೊಳ್ಳುವಾಗ ನಾನು ತಾಯಂದಿರಿಗೆ ಹೇಳುವುದು ಇಷ್ಟೇ: ಅದು ಎಷ್ಟು ಮಾತಾಡುತ್ತದೆ ಎಂದು ಕೇಳಬೇಡಿ, ಎಲ್ಲಿ ಸುಮ್ಮನಾಗುತ್ತದೆ ಎಂದು ಕೇಳಿ. ನಿಮ್ಮ ದನಿಗೆ ಅದರಲ್ಲಿ ಜಾಗ ಇದೆಯೋ ನೋಡಿ.

ಊರಿಗೆ ಹೊರಡುವ ಹಿಂದಿನ ರಾತ್ರಿ ತಮ್ಮನೇ ಕರಡಿಯನ್ನು ಮಗಳ ಪಕ್ಕದಲ್ಲಿ ಮಲಗಿಸಿದ. ಹರಿದ ಮೂಲ ಟೇಪು ಈಗ ಡಬ್ಬಿಯಲ್ಲಿ ಭದ್ರವಾಗಿದೆ. ಕರಡಿಗೆ ಹಾಕಿದ್ದು ಮಗ ಮಾಡಿಕೊಟ್ಟ ನಕಲು. ಅಂಟಿಸಿದ ಜಾಗದಲ್ಲಿ ನಾಲ್ಕೂವರೆ ಸೆಕೆಂಡು ಖಾಲಿ ಬಿಡು ಎಂದು ಮಗನಿಗೆ ನಾನು ಹೇಳಿದ್ದೆ, ಬಿಟ್ಟಿದ್ದ. ಹುಡುಗಿ ಕಟ್ಟೆ ದಾಟಿದಳು, ಬೇವಿನಮರ ದಾಟಿದಳು, ಬಾವಿಗೆ ಬಂದಳು. ಕರಡಿ ಸುಮ್ಮನಾಯಿತು.

"ಬಾವಿ ಹತ್ರ ಏನಿತ್ತು?" ಎಂದು ಅವನ ಮಗಳು ಎದ್ದು ಕೂತು ಕೇಳಿದಳು.

"ತುಳಸಿಕಟ್ಟಿ" ಅಂದ ತಮ್ಮ.

"ಅಲ್ಲೋ, ಬಟ್ಟಿ ಒಗಿಯೋ ಕಲ್ಲು" ಅಂದೆ ನಾನು.

ನಮ್ಮ ಜಗಳ ಮುಗಿಯುವಷ್ಟರಲ್ಲಿ ಅಜ್ಜಿ ನೀರು ತುಂಬಿಕೊಂಡು ಮನೆಯ ದಾರಿ ಹಿಡಿದಿದ್ದಳು. ಹುಡುಗಿ ಗುಂಡಿ ಒತ್ತಿ ನಿಲ್ಲಿಸಿ, ಹಿಂದಕ್ಕೆ ಸುತ್ತಿಸಿ, ಮೊದಲಿಂದ ಹಾಕಿದಳು. ಈ ಸಲ ಒಂದೊಂದು ಮನೆಗೂ ಟೇಪಿನಲ್ಲಿ ಅವಳ ಅಪ್ಪನ ಹೂಂ, ಹಾಸಿಗೆಯಲ್ಲಿ ಅವಳ ಹೂಂ, ಎರಡೂ ಕೇಳಿಸಿದವು.